ಮೂವತ್ತರ ಸ್ಕೂಟರು ಎಂಬತ್ತೆರಡರಲ್ಲಿ ಓಡಿದ ಬಗ್ಗೆ

ಇಂದ:
ಡ್ರೈವಿಂಗ್ ಶಾಲೆಯ ಮೇಷ್ಟ್ರು (ವಿದ್ಯಾರ್ಥಿಗಳು ಇಟ್ಟ ಹೆಸರು: ಮೂವತ್ತು ಮೇಷ್ಟ್ರು),
ಪಂಕ್ಚರ್ ಅಂಗಡಿಯ ಮೇಲಿನ ಮನೆ.

ಗೆ:
ಮುಖ್ಯಾಧಿಕಾರಿಗಳು, ವೇಗ ಅಳೆಯುವ ಶಾಖೆ,
ಸಂಚಾರ ಪೊಲೀಸ್ ಠಾಣೆ.

ವಿಷಯ: ಕೆಟ್ಟು ನಿಂತ ಸ್ಕೂಟರು ಗಂಟೆಗೆ ಎಂಬತ್ತೆರಡು ಕಿಲೋಮೀಟರ್ ಓಡಿದ ಆರೋಪದ ಕುರಿತು.

ಉಲ್ಲೇಖ: 1. ತಮ್ಮ ನೋಟಿಸು, ಫೋಟೊ ಸಮೇತ. 2. ಅದನ್ನು ನೋಡಿ ಅರ್ಜಿದಾರನ ಹೆಂಡತಿ ಆಡಿದ ಮಾತು.

ಮಾನ್ಯರೇ,

ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸದರಿ ದಿನ ಸ್ಕೂಟರು ಕೆಟ್ಟಿದ್ದ ಕಾರಣ ಅದನ್ನು ಟೆಂಪೊಗೆ ಹತ್ತಿಸಿ ಗ್ಯಾರೇಜಿಗೆ ಸಾಗಿಸಲಾಯಿತು. ಕಟ್ಟಲು ಹಗ್ಗವಿಲ್ಲದ ಕಾರಣ, ಅದು ಬೀಳದಂತೆ ಅರ್ಜಿದಾರನೇ ಮೇಲೆ ಕುಳಿತು ಹ್ಯಾಂಡಲ್ ಹಿಡಿದುಕೊಂಡನು. ಖಾಲಿ ರಸ್ತೆ ಕಂಡದ್ದೇ ತಡ, ಟೆಂಪೊದವನಿಗೆ ರೆಕ್ಕೆ ಬಂತು. ಅರ್ಜಿದಾರನು ಜೀವ ಕೈಯಲ್ಲಿ ಹಿಡಿದು ಕುಳಿತನು.

2. ಟೆಂಪೊದ ಹಿಂಬಾಗಿಲು ಕೆಳಗೆ ಬಿಟ್ಟಿದ್ದರಿಂದ ಅದರ ನಂಬರು ಮುಚ್ಚಿಹೋಗಿತ್ತು. ಆದ್ದರಿಂದ ತಮ್ಮ ಕ್ಯಾಮೆರಾ ಟೆಂಪೊದ ವೇಗ ಅಳೆದು, ಸ್ಕೂಟರಿನ ನಂಬರು ಓದಿಕೊಂಡಿತು. ನಂಬರಿನ ಸುತ್ತಲಿನ ಭಾಗವನ್ನಷ್ಟೇ ಕತ್ತರಿಸಿ ಕಳುಹಿಸುವುದು ತಮ್ಮ ಪದ್ಧತಿಯಾದ ಕಾರಣ, ಫೋಟೊದಲ್ಲಿ ಟೆಂಪೊ ಇಲ್ಲ. ಗಾಳಿಗೆ ಉಬ್ಬಿದ ಅಂಗಿ ಮಾತ್ರ ಚೆನ್ನಾಗಿ ಬಂದಿದೆ. ಹೆಲ್ಮೆಟ್ ಇಲ್ಲದ್ದಕ್ಕೆ ಬೇರೆ ದಂಡ ಹಾಕಿದ್ದೀರಿ.

3. ಠಾಣೆಗೆ ಹೋಗಿ ವಿವರಿಸಲಾಗಿ ಗುಮಾಸ್ತರು, "ಹ್ಯಾಂಡಲ್ ಹಿಡ್ಕೊಂಡಿರೋದು ನೀವೇ ತಾನೆ? ಮತ್ತೇನ್ರೀ ತಕರಾರು? ಮಷೀನು ಸುಳ್ಳು ಹೇಳುತ್ತಾ?" ಎಂದರು. ಮಷೀನನ್ನು ಪರೀಕ್ಷಿಸುವವರು ಯಾರೆಂದು ಕೇಳಲಾಗಿ, ದಿನಾ ಬೆಳಿಗ್ಗೆ ಅದು ತನ್ನನ್ನು ತಾನೇ ಪರೀಕ್ಷಿಸಿಕೊಂಡು ಪಾಸಾಗುತ್ತದೆಂದು ತಿಳಿದುಬಂತು. ಅರ್ಜಿದಾರನ ವಿದ್ಯಾರ್ಥಿಗಳಿಗೆ ಈ ಸೌಲಭ್ಯವಿಲ್ಲ.

4. ಆದರೂ ನೋಟಿಸಿನಲ್ಲಿರುವಂತೆ ದಂಡ ಕಟ್ಟಲು, ಅನ್ನ ಕೊಡುವ ಲೈಸೆನ್ಸನ್ನು ಮೂರು ತಿಂಗಳು ಒಪ್ಪಿಸಲು ಅರ್ಜಿದಾರನು ಸಿದ್ಧ. ತೊಂದರೆ ಏನೆಂದರೆ, ನೋಟಿಸು ಹೆಂಡತಿಯ ಕೈಗೆ ಸಿಕ್ಕಿದೆ. ಎರಡು ವರ್ಷದ ಹಿಂದೆ ಅವಳ ತಾಯಿ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ, ಇಬ್ಬರೂ ಇದೇ ಸ್ಕೂಟರಿನಲ್ಲಿ ಹೊರಟು ಹತ್ತು ನಿಮಿಷ ತಡವಾಗಿ ತಲುಪಿದ್ದರು. ದಾರಿಯುದ್ದಕ್ಕೂ ಅವಳು ಬೆನ್ನು ತಟ್ಟಿ, "ಸ್ವಲ್ಪ ಜೋರಾಗಿ ಹೋಗ್ರೀ" ಅನ್ನುತ್ತಿದ್ದಳು. "ಇದು ಮೂವತ್ತರ ಮೇಲೆ ಹೋಗಲ್ಲ ಕಣೇ" ಎಂದು ಅರ್ಜಿದಾರನು ಹೇಳಿದನು. ಅವಳು ನಂಬಿದಳು.

5. ನೋಟಿಸು ಬಂದ ದಿನ ಫೋಟೊ ಹಿಡಿದು ಕೇಳಿದಳು: "ಗ್ಯಾರೇಜಿಗೆ ಹೋಗೋಕೆ ಎಂಬತ್ತೆರಡು. ನಮ್ಮಮ್ಮನ ಹತ್ರ ಹೋಗೋಕೆ ಮೂವತ್ತಾ?" ಟೆಂಪೊ ಇತ್ತೆಂದರೆ, "ಎಲ್ಲಿದೆ ತೋರ್ಸಿ" ಅಂದಳು. ಅಂದಿನಿಂದ ಆರು ದಿನವಾಯಿತು, ಮಾತು ಬಿಟ್ಟಿದ್ದಾಳೆ. ಅರ್ಜಿದಾರನಿಗೆ ಊಟ ಸೇರುತ್ತಿಲ್ಲ.

6. ಕಚೇರಿಗೆ ಸುಳ್ಳು ಬರೆಯಬಾರದಾದ ಕಾರಣ ಇದನ್ನೂ ನಿವೇದಿಸಲಾಗಿದೆ. ಆಸ್ಪತ್ರೆಗೆ ಹೊರಟ ಆ ದಿನ ಸ್ಕೂಟರು ಬೇಕೆಂದರೆ ಐವತ್ತರಲ್ಲಿ ಹೋಗಬಹುದಿತ್ತು. ಆಸ್ಪತ್ರೆ ರಸ್ತೆಯಲ್ಲಿ ತಾವು ‘ವೇಗದ ಮಿತಿ 30’ ಎಂದು ಬೋರ್ಡು ಹಾಕಿದ್ದಿರಿ. ರಸ್ತೆಯಲ್ಲಿ ಪೊಲೀಸರಿರಲಿಲ್ಲ, ಕ್ಯಾಮೆರಾ ಇರಲಿಲ್ಲ. ಅರ್ಜಿದಾರನು ಪಾಲಿಸಿದನು.

ಆದ್ದರಿಂದ, "ಸದರಿ ಸ್ಕೂಟರು ಮೂವತ್ತು ದಾಟಲಾರದು" ಎಂಬ ಒಂದು ಸಾಲನ್ನು ಬರೆದು, ಮೊಹರು ಒತ್ತಿ, ಹೆಂಡತಿಯ ಹೆಸರಿಗೆ ಅಂಚೆಯಲ್ಲಿ ಕಳುಹಿಸಬೇಕಾಗಿ ಕೋರಿಕೆ. ದಂಡ ಹಾಗೇ ಇರಲಿ.

ತಮ್ಮ ವಿಶ್ವಾಸಿ,
(ಸಹಿ)
ಮೂವತ್ತು ಮೇಷ್ಟ್ರು

ಲಗತ್ತುಗಳು:
1. ನೋಟಿಸಿನ ನಕಲು. ಅಸಲು ಪ್ರತಿ ಹೆಂಡತಿಯ ದಿಂಬಿನಡಿ ಇದೆ.
2. ತನಗೇನೂ ಗೊತ್ತಿಲ್ಲವೆಂದು ಟೆಂಪೊದವನು ಬರೆದುಕೊಟ್ಟ ಹೇಳಿಕೆ.

ವಿ.ಸೂ.: ಉತ್ತರದ ಜೊತೆ ಅರ್ಜಿಯ ಪ್ರತಿಯನ್ನೂ ಲಗತ್ತಿಸುವುದು ತಮ್ಮ ಪದ್ಧತಿಯೆಂದು ಗುಮಾಸ್ತರು ಹೇಳಿದ್ದಾರೆ. ಟೆಂಪೊವನ್ನು ಕತ್ತರಿಸಿದಂತೆಯೇ ಆರನೆಯ ಅಂಶವನ್ನೂ ಕತ್ತರಿಸಿ ಕಳುಹಿಸಬೇಕು.