ಏಳು ಸುಕ್ಕು ಮೂವತ್ತೊಂದಾದ ವೃತ್ತಾಂತ

ನಮ್ಮ ವಿಮಾನ ತರಬೇತಿ ಶಾಲೆಯಲ್ಲಿ ಒಂದೇ ಒಂದು ಪುಟ್ಟ ವಿಮಾನವಿದ್ದು, ಅದರ ಬಾಲದ ತಗಡಿನ ಮೇಲೆ ಏಳು ಸುಕ್ಕುಗಳು ಬಿದ್ದಿರುವುದು ದೃಢಪಟ್ಟಿರುತ್ತದೆ. ಶಾಲೆ ಹೈದರಾಬಾದಿನ ಅಂಚಿನಲ್ಲಿ, ಪಟಾನ್‌ಚೆರು ದಾಟಿದ ಮೇಲೆ ಸಿಗುತ್ತದೆ. ನಾನು ಅಲ್ಲಿನ ಹೆಡ್ ಗುಮಾಸ್ತ. ಸುಕ್ಕುಗಳನ್ನು ರಿಜಿಸ್ಟರಿಗೆ ಏರಿಸಿದವನು ನಾನೇ.

ಸುಕ್ಕು ಮೊದಲು ಕಂಡದ್ದು ಮೆಕ್ಯಾನಿಕ್ ಶಾಂತಕುಮಾರನಿಗೆ. ಕಲಬುರಗಿ ಕಡೆಯವನು, ಬಾಯಿ ಸುಮ್ಮನಿರದು. ವಿಮಾನ ಹಾರಲು ಅವನ ಸಹಿ ಬೇಕು. ಅವನೋ, ಸುಕ್ಕು ಬಿದ್ದ ಬಾಲ ಗಾಳಿಯಲ್ಲಿ ಮುರಿದೀತೆಂದು ಪೆನ್ನು ಜೇಬಿಗಿಟ್ಟುಕೊಂಡ. ಹೀಗಾಗಿ ವರ್ಷಾ ಎಂಬ ವಿದ್ಯಾರ್ಥಿನಿಯ ಹತ್ತು ಗಂಟೆಗಳ ಒಂಟಿ ಹಾರಾಟ ನಿಂತುಹೋಯಿತು. ಅದಿಲ್ಲದೆ ಆಕೆಗೆ ಪೈಲಟ್ ಲೈಸೆನ್ಸ್ ಇಲ್ಲ.

ನಿರ್ದೇಶಕ ರವಿಶಂಕರ್ ಸಾಹೇಬರು ಶಾಂತಕುಮಾರನನ್ನು ಕರೆಸಿದರು.

"ಸುಕ್ಕಿಗೆ ಕಾರಣವೇನು?"

"ನಾವೇ ಕಾರಣ ರೀ ಸಾಹೇಬ್ರ. ವಿಮಾನ ತಿರಗಸಾಕ ನಾಕ್ ಮಂದಿ ಬಾಲದ ಮ್ಯಾಲೆ ಭಾರ ಹಾಕಿ ಒತ್ತತೀವಿ. ಮೂತಿ ಏಳತೈತಿ, ಆಮ್ಯಾಲೆ ತಿರಗತೈತಿ. ಮುಂದಿನ ಗಾಲಿಗೆ ಸಿಗಿಸಿ ಎಳೆಯೋ ರಾಡ್ ನಿಮ್ಮ ಅಲಮಾರದಾಗ ಐತಲ್ರಿ, ಅದನ್ನ ಕೊಡ್ರಿ. ಆ ಹುಡುಗಿ ಜೀವದ ಪ್ರಶ್ನೆ ಐತ್ರಿ!"

"ರಾಡ್ ಹೊಸದು," ಎಂದರು ಸಾಹೇಬರು. "ಬಳಸಿದರೆ ಹಳೆಯದಾಗುತ್ತದೆ. ನಾಳೆ ತಪಾಸಣೆಯವರು ಬಂದರೆ ಏನು ತೋರಿಸಲಿ?"

ಹೀಗಾಗಿ ಸುಕ್ಕಿನ ಕಾರಣ ಪತ್ತೆಹಚ್ಚಲು ಐವರ ಸಮಿತಿ ನೇಮಕವಾಯಿತು.

ಸಮಿತಿ ಒಂಬತ್ತು ಬಾರಿ ಸೇರಿತು. ಸುಕ್ಕು ಚೆನ್ನಾಗಿ ಕಾಣಲೆಂದು ಪ್ರತಿ ಬಾರಿಯೂ ವಿಮಾನವನ್ನು ಬಿಸಿಲಿಗೆ ತಿರುಗಿಸಲಾಯಿತು, ಅಂದರೆ ಬಾಲ ಒತ್ತಲಾಯಿತು. ಸದಸ್ಯರ ಕಣ್ಣು ಕುಕ್ಕಿದಾಗ ಮತ್ತೆ ಆಚೆಗೆ ತಿರುಗಿಸಲಾಯಿತು. ಚಹಾ, ಉಸ್ಮಾನಿಯಾ ಬಿಸ್ಕತ್ತು ಇಡಲು ಅಷ್ಟು ಸಪಾಟಾದ ಜಾಗ ಬೇರೆಲ್ಲೂ ಇಲ್ಲವೆಂದು ಬಾಲದ ಮೇಲೆಯೇ ಇಟ್ಟರು. ಅಧ್ಯಕ್ಷ ಗೋಪಿನಾಥರಂತೂ ಆರಾಮಾಗಿ ಅದಕ್ಕೆ ಒರಗಿಯೇ ಟಿಪ್ಪಣಿ ಬರೆಸಿದರು. ಸುಕ್ಕುಗಳು ಮೂವತ್ತೊಂದಾದವು.

ಕೊನೆಗೆ ವರದಿ ಬಂತು: "ಸಮಿತಿ ಸೇರಿದ ದಿನಗಳಂದೇ ಸುಕ್ಕು ಹೆಚ್ಚಿರುವುದು ಗಮನಕ್ಕೆ ಬಂದಿದೆ. ಕಾರಣ ತಿಳಿದುಬಂದಿಲ್ಲ. ಆದಕಾರಣ ಸಮಿತಿಯನ್ನು ಕಾಯಂಗೊಳಿಸಿ, ದಿನವೂ ಸಭೆ ಸೇರಿಸತಕ್ಕದ್ದು. ವಿಮಾನ ಹಾರತಕ್ಕದ್ದಲ್ಲ. ಅದನ್ನು ತಿರುಗಿಸುವಾಗ ಒಳಗೆ ಕುಳಿತ ವಿದ್ಯಾರ್ಥಿಗೆ ಆ ಅವಧಿಯನ್ನು ಒಂಟಿ ಹಾರಾಟವೆಂದೇ ಪರಿಗಣಿಸತಕ್ಕದ್ದು."

"ಅಯ್ಯೋ, ನಾನು ನೆಲಾನೇ ಬಿಟ್ಟಿಲ್ವಲ್ಲ ಸರ್!" ಎಂದಳು ಮೈಸೂರಿನ ವರ್ಷಾ.

"ಮುಂದಿನ ಗಾಲಿ ಬಿಟ್ಟಿದೆಯಲ್ಲಮ್ಮ," ಎಂದೆ. ಹೇಳುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೆ ರಿಜಿಸ್ಟರಿನಲ್ಲಿ ಅಸಹ್ಯಕ್ಕೆ ಕಾಲಂ ಇಲ್ಲ.

ಹಾರದ ವಿಮಾನಕ್ಕೆ ಸಹಿ ಬೇಡವಾದ್ದರಿಂದ ಶಾಂತಕುಮಾರನನ್ನು ಬಾಲ ಒತ್ತುವ ಕೆಲಸಕ್ಕೆ ಹಾಕಲಾಯಿತು. ತಪಾಸಣೆಯವರು ಬಂದು, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ರಾಡ್ ನೋಡಿ ಮೆಚ್ಚಿಕೊಂಡು ಹೋದರು. ಹತ್ತು ಗಂಟೆ ತುಂಬಿದ ದಿನ ವರ್ಷಾಗೆ ಶಾಲು ಹೊದಿಸಿ ಚಪ್ಪಾಳೆ ತಟ್ಟಿದೆವು.

ಈಗ ಆಕೆಗೆ ಲೈಸೆನ್ಸ್ ಬಂದಿದೆ, ಕೆಲಸವೂ ಸಿಕ್ಕಿದೆ. ಮೊದಲ ಹಾರಾಟ ತಿರುಪತಿಗೆ, ಪ್ರಯಾಣಿಕರು ಹತ್ತೊಂಬತ್ತು. ಶಾಲೆಯವರೆಲ್ಲ ನನ್ನ ವಿಮಾನದಲ್ಲೇ ಬನ್ನಿ ಎಂದು ಪ್ರೀತಿಯಿಂದ ಕರೆದಿದ್ದಾಳೆ. ನಾವೆಲ್ಲರೂ ತಪ್ಪದೆ ತಿರುಪತಿಗೆ ಹೊರಟಿದ್ದೇವೆ, ಮೆಹದಿಪಟ್ಟಣದಿಂದ ಬಸ್ಸಿನಲ್ಲಿ.