ರಾಕ್ಷಸನ ಕೋಟು ತೊಟ್ಟ ಗುಬ್ಬಿ

ನಮ್ಮ ದರ್ಜಿಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಬಿಡುವ ಅಗತ್ಯವೂ ಇರಲಿಲ್ಲ. ಅಂಥ ಕೈ! ಆದರೆ ಅದೇ ಕೈ ಪಾತ್ರೆ ತೊಳೆಯಲು ಹೋಯಿತೋ, ಒಂದು ಗಾಜಿನ ಲೋಟಕ್ಕೆ ವೀರಮರಣ ಖಂಡಿತ. (ಪಾಪ, ಅಡುಗೆಮನೆಯ ಗಾಳಿ ಆಗಿಬರುತ್ತಿರಲಿಲ್ಲವೇನೋ.)

ಈಗ ಅವನ ಚಿಂತೆ ಮಗಳು ಗುಬ್ಬಿಯದು. ಅವಳ ಪ್ರಕಾರ ಲೋಕದಲ್ಲಿ ಎರಡೇ ಬಗೆಯ ಜನ: ಒಳ್ಳೆಯವರು, ಕೆಟ್ಟವರು. ರಬ್ಬರು ಕೊಡದ ಗೆಳತಿ ಕೆಟ್ಟವಳು. ಅವಳಿಗೆ ಟೂ ಬಿಟ್ಟಾಗಿತ್ತು. ಈಗ ಬೆಂಚಿನಲ್ಲಿ ಗುಬ್ಬಿ ಒಬ್ಬಳೇ.

“ಕಥೆ ಓದಿಸಿ. ಪಾತ್ರಗಳ ಮನಸ್ಸು ತಿಳಿದ್ರೆ ಮನುಷ್ಯರದ್ದೂ ತಿಳಿಯುತ್ತೆ” ಎಂದರು ಟೀಚರ್.

“ಅಷ್ಟೇ ತಾನೇ! ಸಂಜೆಯೊಳಗೆ ಕಲಿಸ್ತೀನಿ” ಎಂದು ಮನೆಗೆ ಬಂದು ಕೊಚ್ಚಿಕೊಂಡ ದರ್ಜಿ.

“ಆಕಾಶಕ್ಕೆ ಏಣಿ ಹಾಕ್ಬೇಡಿ. ಆಗದಿದ್ರೆ ಒಂದು ವಾರ ಪಾತ್ರೆ ನಿಮ್ದು” ಎಂದಳು ಹೆಂಡತಿ.

“ಆದ್ರೆ?”

“ಪಾತ್ರೆ ತೊಳೀರಿ ಅಂತ ಈ ಜನ್ಮದಲ್ಲಿ ಬಾಯಿ ಬಿಡಲ್ಲ.”

ಊರಿನ ಬಾಗಿಲುಗಳನ್ನೆಲ್ಲ ಕಿತ್ತೊಯ್ದ ರಾಕ್ಷಸನ ಕಥೆ ಓದಿದ್ದಾಯಿತು.

“ಯಾಕೆ ಕಿತ್ಕೊಂಡು ಹೋದ, ಹೇಳು ಗುಬ್ಬಿ?”

“ಕೆಟ್ಟವನು. ಅದಕ್ಕೆ.”

“ಇನ್ನೂ ಯೋಚನೆ ಮಾಡು.”

“ತುಂಬಾ ಕೆಟ್ಟವನು.”

ಸೂರ್ಯ ಇಳಿಯತೊಡಗಿದ; ದರ್ಜಿಯ ಬೆವರೂ ಇಳಿಯಿತು. ಆಗ ಗೂಟದಲ್ಲಿ ತೂಗುತ್ತಿದ್ದ ಲಾರಿ ಮಾಲೀಕನ ಕೋಟು ಕಣ್ಣಿಗೆ ಬಿತ್ತು. ಅದರೊಳಗೆ ಒಂದು ಸಂಸಾರವನ್ನೇ ಹೂಡಬಹುದಿತ್ತು. ತೆಗೆದು ಮಗಳಿಗೆ ತೊಡಿಸಿದ.

“ಬಟ್ಟೆ ಎಲ್ಲಿ ಬಿಗಿ ಅಂತ ತೊಟ್ಟವರಿಗೇ ಗೊತ್ತು. ಈಗ ನೀನೇ ರಾಕ್ಷಸ.”

ಕೋಟು ಕೋಣೆಯಲ್ಲಿ ಒಂದು ಸುತ್ತು ಹಾಕಿತು. ಆಮೇಲೆ ಕಾಲರಿನೊಳಗಿಂದ ಸಣ್ಣ ದನಿ ಬಂತು.

“ಅಪ್ಪಾ, ಇದರೊಳಗೆ ಒಬ್ಬಳಿಗೇ ಬೇಜಾರು. ರಾಕ್ಷಸನ ಮನೆ ಬಾಗಿಲು ಯಾರೂ ತಟ್ಟಲ್ಲ. ಬಾಗಿಲೆಲ್ಲ ಅವನ ಹತ್ರಾನೇ ಇದ್ರೆ, ತಟ್ಟೋಕೆ ಎಲ್ರೂ ಅಲ್ಲಿಗೇ ಬರ್ಬೇಕಲ್ವಾ?” ಕಾಲರಿನ ಮೇಲೆ ಎರಡು ಕಣ್ಣು ಇಣುಕಿದವು. “ಆ ರಬ್ಬರು ಅವಳಿಗೆ ಅವಳಜ್ಜ ಕೊಟ್ಟಿದ್ದು. ಸವೆದುಹೋಗುತ್ತೆ ಅಂತ ಹೆದರಿಕೆಯೇನೋ. ನಾಳೆ ನಾನೇ ಮಾತಾಡಿಸ್ತೀನಿ.”

ದರ್ಜಿ ಅಳತೆ ಟೇಪನ್ನು ವಿಜಯಮಾಲೆಯಂತೆ ಕೊರಳಿಗೆ ಹಾಕಿಕೊಂಡು, ಮಗಳ ಕೈಹಿಡಿದು ಅಡುಗೆಮನೆಗೆ ದಂಡೆತ್ತಿ ಹೋದ. ರಾಕ್ಷಸನ ಗುಟ್ಟು, ರಬ್ಬರಿನ ಗುಟ್ಟು ಎರಡನ್ನೂ ಸಾರಿ, “ಇವಳೀಗ ಯಾರ ಮನಸ್ಸು ಬೇಕಾದ್ರೂ ಓದ್ತಾಳೆ ಕಣೇ!” ಎಂದ.

“ಹೌದಾ?” ಹೆಂಡತಿ ಅವನದೇ ಕೋಟು ತಂದು ಗುಬ್ಬಿಗೆ ತೊಡಿಸಿದಳು. “ಇವರು ಲೋಟ ಯಾಕೆ ಒಡೀತಾರೆ, ಹೇಳು ಪುಟ್ಟಾ.”

ಗುಬ್ಬಿ ಗಂಟಲು ಸರಿಪಡಿಸಿಕೊಂಡಳು. “ಕೈ ಗಿಯ್ ಏನೂ ಜಾರಲ್ಲ ಕಣೇ. ಕಣ್ಮುಚ್ಚಿ ದಾರ ಪೋಣಿಸೋ ಕೈ ಇದು! ನೀನು ಮತ್ತೆ ಕರೀಬಾರ್ದು ಅಂತ ಬೇಕಂತಲೇ ಬಿಡ್ತೀನಿ.”

ದರ್ಜಿ ಇಂಗು ತಿಂದ ಮಂಗನಾದ. “ಆದ್ರೂ ಪಂದ್ಯ ಗೆದ್ದಿದ್ದು ನಾನು! ಬಾಯಿ ಬಿಡಲ್ಲ ಅಂತ ನೀನೇ ಅಂದಿದ್ದೆ!”

ಮಾತಿಗೆ ತಪ್ಪದ ಹೆಂಗಸು. ಬಾಯಿ ಬಿಡದೆ, ಪಾತ್ರೆ ಉಜ್ಜುವ ನಾರನ್ನು ಅವನ ಕೈಗಿಟ್ಟಳು.

ಉಜ್ಜುತ್ತಾ ದರ್ಜಿ ಪಿಸುಗುಟ್ಟಿದ: “ನಿಮ್ಮಮ್ಮನಿಗೆ ಇಷ್ಟು ದಿನ ಅನುಮಾನವೇ ಬರ್ಲಿಲ್ವೇನೇ?”

ಗುಬ್ಬಿ ಅಮ್ಮನ ಶಾಲು ಹೊದ್ದಳು. “ಎಲ್ಲಾ ಗೊತ್ತಿತ್ತು ಕಣ್ರೀ. ಅದಕ್ಕೇ ಬಿರುಕು ಬಿಟ್ಟ ಲೋಟಾನೇ ನಿಮಗೆ ಕೊಡ್ತಿದ್ದೆ. ಹಳೇದೆಲ್ಲ ಖಾಲಿಯಾಗಿ ಹೊಸ ಸೆಟ್ ಬಂತಲ್ಲ!”

ಹೆಂಡತಿ ಗೋಡೆಗೆ ತಿರುಗಿಕೊಂಡು ನಗುತ್ತಿದ್ದಳು. ದರ್ಜಿಗೆ ಮೈಯೆಲ್ಲ ಉರಿಯಬೇಕಿತ್ತು, ಎದೆ ಉಬ್ಬಿತು. “ಯಾರ ಮಗಳು! ಯಾರು ಕಲಿಸಿದ್ದು!” ಎಂದು ಎರಡೂ ಕೈ ಮೇಲೆತ್ತಿದ.

ಫಳ್! ಹೊಸ ಲೋಟ.

ಈ ಸಲ ನಿಜಕ್ಕೂ ಜಾರಿತ್ತು. ನಂಬುವವರು ಯಾರು?