ಬಿಳಿ ಮುಂಡಿನ ಬಣ್ಣ

ಕಾರ್ಕಳದ ಮೇಬಲ್ ಬಾಯಿ ಸೀರೆಯನ್ನು ವಾಪಸು ಕಳುಹಿಸಿದ್ದಕ್ಕೆ ಧರ್ಮಪಾಲಣ್ಣನಿಗೆ ಅಷ್ಟೇನೂ ಬೇಸರವಾಗಲಿಲ್ಲ. ಅದರ ಮಡಿಕೆಯೊಳಗೆ ಒಂದು ಚೀಟಿ ಇಟ್ಟಿದ್ದರು ನೋಡಿ, ಹೊಟ್ಟೆ ಉರಿದದ್ದು ಅದಕ್ಕೆ. “ಸರಸಾ, ವಿಡಿಯೋದಲ್ಲಿ ಇದು ಮಟ್ಟು ಗುಳ್ಳ ಬದನೆಯ ಹಾಗೆ ಎಳೆ ಹಸಿರು ಉಂಟು. ಪೆಟ್ಟಿಗೆ ಬಿಚ್ಚಿದರೆ ಆಕಾಶನೀಲಿ. ಮಗನ ಮದುವೆಗೆ ನನಗೆ ಹಸಿರೇ ಆಗಬೇಕು. ನಿನ್ನ ಗಂಡನನ್ನು ಒಮ್ಮೆ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಕಣ್ಣು ತೋರಿಸು.”

ಸರಸಕ್ಕ ಚೀಟಿಯನ್ನು ಎರಡು ಸಲ ಗಟ್ಟಿಯಾಗಿ ಓದಿದರು. (ಒಂದು ಸಲ ಅರ್ಥವಾಗಲಿಕ್ಕೆ, ಇನ್ನೊಂದು ಸಲ ಗಂಡನಿಗೆ ಚೆನ್ನಾಗಿ ಕೇಳಿಸಲಿಕ್ಕೆ.)

ಕಾಪುವಿನ ಮನೆಯ ಚಾವಡಿಯಲ್ಲೇ ಸರಸಕ್ಕ ಎರಡು ವರ್ಷದಿಂದ ಉಡುಪಿ ಕೈಮಗ್ಗದ ಸೀರೆ ಮಾರುತ್ತಿದ್ದರು. ಅಂಗಡಿಯಿಲ್ಲ, ಬೋರ್ಡಿಲ್ಲ. ಅವರು ಸೀರೆ ಬಿಡಿಸಿ ಹಿಡಿದು ನಾಲ್ಕು ಮಾತಾಡುವುದು, ಧರ್ಮಪಾಲಣ್ಣ ಅದನ್ನು ವಿಡಿಯೋ ಮಾಡುವುದು, ಅದು ವಾಟ್ಸ್‌ಆ್ಯಪ್ ಹತ್ತಿ ಹೆಜಮಾಡಿಯಿಂದ ದುಬೈವರೆಗೆ ಹೋಗುವುದು. ವ್ಯಾಪಾರ ಚೆನ್ನಾಗಿಯೇ ಇತ್ತು. ಆದರೆ ನೀಲಿ ಸೀರೆಗಳು ಮಾತ್ರ ಗಂಡನ ಮನೆಗೆ ಒಗ್ಗದ ಮದುಮಗಳ ಹಾಗೆ ವಾರದೊಳಗೆ ತಿರುಗಿ ಬರುತ್ತಿದ್ದವು. ಈ ತಿಂಗಳಲ್ಲಿ ಇದು ಮೂರನೆಯದು.

“ಎಲ್ಲ ನಿಮ್ಮ ಆ ಮುದಿ ಲೈಟಿನ ಕೆಲಸ” ಎಂದರು ಸರಸಕ್ಕ.

“ಲೈಟಿಗೆ ಎಂತದೂ ಹೇಳಬೇಡ. ಆ ಲೈಟಿನಲ್ಲಿ ಐನೂರು ಮದುವೆ ಆಗಿದೆ.”

“ಮದುವೆ ಆದದ್ದು ಭಟ್ರ ಮಂತ್ರದಲ್ಲಿ. ನಿಮ್ಮ ಲೈಟಿನಲ್ಲಿ ಆದದ್ದು ಬೆವರು.”

ಈ ಮಾತು ಪೂರ್ತಿ ಸುಳ್ಳಲ್ಲ. ಆ ಲೈಟು ಎಂದರೆ ಸಾವಿರ ವ್ಯಾಟಿನ ಹ್ಯಾಲೊಜನ್ ದೀಪ. ಒಂದು ಕಾಲದಲ್ಲಿ ಮದುವೆ ವಿಡಿಯೋದವರೆಲ್ಲ ಎಡಗೈಯಲ್ಲಿ ಎತ್ತಿ ಹಿಡಿಯುತ್ತಿದ್ದದ್ದು ಇದನ್ನೇ. ಅದರ ಮುಂದೆ ಐದು ನಿಮಿಷ ನಿಂತರೆ ಮದುಮಗನ ಪೌಡರು ಕರಗಿ ಅಂಗಿಯ ಕಾಲರಿಗೆ ಇಳಿಯುತ್ತಿತ್ತು. ಕಟಪಾಡಿಯ ಒಂದು ಮದುವೆಯಲ್ಲಿ ಮಂಟಪದ ಮೇಲಿದ್ದ ಥರ್ಮೋಕೋಲಿನ ಜೋಡಿ ಹಂಸಗಳಲ್ಲಿ ಒಂದು ಆ ಬಿಸಿಗೆ ಕತ್ತು ಬಗ್ಗಿಸಿಬಿಟ್ಟಿತು. ಅದು ಗಂಡು ಹಂಸವೇ ಎಂದು ಸಭೆಯ ಹೆಂಗಸರೆಲ್ಲ ಒಮ್ಮತದಿಂದ ತೀರ್ಮಾನಿಸಿದ್ದರು.

ಧರ್ಮಪಾಲಣ್ಣ ಹುಟ್ಟಿದ್ದು ದೋಣಿ, ಬಲೆ ಇದ್ದ ಮನೆಯಲ್ಲಿ. ಆದರೆ ದೋಣಿ ದಡ ಬಿಡುವ ಮೊದಲೇ ಅವರಿಗೆ ವಾಂತಿ ಶುರುವಾಗುತ್ತಿತ್ತು. ಅಪ್ಪ ಮೂರು ಸಲ ಪ್ರಯತ್ನಿಸಿ, ಕೈಮುಗಿದು, ಮಗನನ್ನು ಉಡುಪಿಯ ಒಂದು ಸ್ಟುಡಿಯೋಕ್ಕೆ ಸೇರಿಸಿದರು. ಅಲ್ಲಿ ಕೆಲಸ ಕಲಿತು ಬಂದವರು ಕಾಪುವಿನಲ್ಲೇ ವಿಡಿಯೋ ಅಂಗಡಿ ಇಟ್ಟರು. ಊರಿನಲ್ಲಿ ಆಗ ಎರಡು ದೊಡ್ಡ ಬೆಳಕುಗಳು. ಒಂದು ಸಮುದ್ರ ದಡದ ದೀಪಸ್ತಂಭದ್ದು, ‘ಹತ್ತಿರ ಬರಬೇಡಿ, ಬಂಡೆ ಉಂಟು’ ಎನ್ನುವುದು. ಇನ್ನೊಂದು ಧರ್ಮಪಾಲಣ್ಣನದು. ಅದು ಹೊತ್ತಿದ ಕೂಡಲೇ ನೆಂಟರೆಲ್ಲ ತಲೆ ಬಾಚಿಕೊಂಡು ಹತ್ತಿರ ಬರುತ್ತಿದ್ದರು.

ಅವರ ಕ್ಯಾಸೆಟ್ಟುಗಳ ಖ್ಯಾತಿಯೂ ಹಾಗೆಯೇ ಇತ್ತು. ಧರ್ಮಪಾಲಣ್ಣ ತೆಗೆದ ವಿಡಿಯೋದಲ್ಲಿ ಎಂಥ ಮದುಮಗಳೂ ಆಗ ತಾನೇ ಅರಿಶಿನದಲ್ಲಿ ಮಿಂದು ಬಂದವಳಂತೆ ಹೊಳೆಯುತ್ತಿದ್ದಳು. ಮಲ್ಪೆಯಿಂದ ಕಾರ್ಕಳದವರೆಗೆ ‘ಬಂಗಾರದ ಕೈ’ ಎಂದೇ ಹೆಸರು. ಬೇರೆ ವಿಡಿಯೋದವರು ದೀಪಕ್ಕೆ ಹಳದಿ ಕಾಗದ ಕಟ್ಟಿ ನೋಡಿದರು. ಕಾಗದ ಸುಟ್ಟಿತೇ ಹೊರತು ಬಂಗಾರ ಬರಲಿಲ್ಲ. ಗುಟ್ಟೇನು ಎಂದು ಕೇಳಿದವರಿಗೆಲ್ಲ ಧರ್ಮಪಾಲಣ್ಣ ಒಂದು ಮುಗುಳ್ನಗೆ ಕೊಟ್ಟು ಕಳುಹಿಸುತ್ತಿದ್ದರು. (ಗುಟ್ಟು ಅವರಿಗೂ ಗೊತ್ತಿರಲಿಲ್ಲ. ಆದರೆ ಮುಗುಳ್ನಗುವುದಕ್ಕೆ ಅದೇನೂ ಅಡ್ಡಿಯಲ್ಲವಲ್ಲ.)

ಈಗ ಆ ಲೈಟಿಗೆ ಸಂಚಕಾರ ಬಂದಿತ್ತು. ಮಗಳು ಕಾವ್ಯ ಮಣಿಪಾಲದ ಒಂದು ವಿಡಿಯೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಭಾನುವಾರ ಅವಳು ಹೊಸ ಎಲ್‌ಇಡಿ ಲೈಟು ತರುವುದು, ಒಂದೇ ಸೀರೆಯನ್ನು ಬೇರೆ ಬೇರೆ ಬೆಳಕಿನಲ್ಲಿ ವಿಡಿಯೋ ಮಾಡಿ ನೋಡುವುದು, ಹ್ಯಾಲೊಜನ್ ಸೋತರೆ ಅದೇ ದಿನ ಗುಜರಿಗೆ ಹಾಕುವುದು ಎಂದು ಸರಸಕ್ಕ ಆಜ್ಞೆ ಹೊರಡಿಸಿದರು.

ಶನಿವಾರ ಧರ್ಮಪಾಲಣ್ಣ ಲೈಟನ್ನು ಮಡಿಲಲ್ಲಿಟ್ಟುಕೊಂಡು ಒರೆಸುತ್ತ ಕುಳಿತರು. ಒರೆಸಿದಷ್ಟೂ ಹಳೆಯದು ನೆನಪಾಗುತ್ತಿತ್ತು. ಹೆಜಮಾಡಿಯ ಒಂದು ಮದುವೆ. ಕ್ಯಾಮೆರಾದ ಕಿಂಡಿಯಲ್ಲಿ ಆಗ ಎಲ್ಲವೂ ಬರೀ ಕಪ್ಪು-ಬಿಳುಪು. ಆ ಕಿಂಡಿಯೊಳಗೆ ಒಬ್ಬಳು ಹುಡುಗಿ ಪಾನಕದ ಲೋಟಗಳ ತಟ್ಟೆ ಹಿಡಿದು ಬಂದಳು. ಇವಳ ಸೀರೆ ಯಾವ ಬಣ್ಣದ್ದಿರಬಹುದು ಎಂದು ಧರ್ಮಪಾಲಣ್ಣನಿಗೆ ತಡೆಯಲಾರದ ಕುತೂಹಲ. ಕಿಂಡಿಯಿಂದ ಕಣ್ಣು ತೆಗೆದು ನೋಡಿಯೇಬಿಟ್ಟರು. ನೀಲಿ. ಅತ್ತ ಮದುಮಗ ತಾಳಿ ಕಟ್ಟುವುದು ಮುಗಿದೇ ಹೋಯಿತು, ಕ್ಯಾಸೆಟ್ಟಿನಲ್ಲಿ ಬಂದದ್ದು ಪಾನಕದ ತಟ್ಟೆ. ಆ ಮನೆಯವರು ಇಂದಿಗೂ ಅವರನ್ನು ಕ್ಷಮಿಸಿಲ್ಲ. ಆದರೆ ತಟ್ಟೆ ಹಿಡಿದವಳು ಆರು ತಿಂಗಳಲ್ಲಿ ಕಾಪುವಿಗೆ ಸೊಸೆಯಾಗಿ ಬಂದಳು, ಈಗ ಒಳಗಿನಿಂದ “ಒರೆಸಿ ಒರೆಸಿ ಅದಕ್ಕೆ ಹೋದ ಪ್ರಾಯ ಬರ್ತದಾ?” ಎಂದು ಕೇಳುತ್ತಿದ್ದಾಳೆ.

ಭಾನುವಾರ ಕಾವ್ಯ ಬಂದಳು. ಚಾವಡಿಯ ಗೋಡೆಗೆ ಮೇಬಲ್ ಬಾಯಿಯ ಆಕಾಶನೀಲಿ ಸೀರೆಯನ್ನು ಇಳಿಬಿಟ್ಟು ಅಪ್ಪನಿಗೆ ಪಾಠ ಶುರುಮಾಡಿದಳು.

“ಬಣ್ಣವನ್ನು ಇದ್ದ ಹಾಗೆ ತೋರಿಸುವುದರಲ್ಲಿ ಬಿಸಿಲಿಗೆ ನೂರಕ್ಕೆ ನೂರು, ಪಪ್ಪ. ಉಳಿದ ಲೈಟುಗಳಿಗೆ ಅದನ್ನು ನೋಡಿ ಮಾರ್ಕು ಕೊಡುವುದು. ಈ ಎಲ್‌ಇಡಿಗೆ ತೊಂಬತ್ತಾರು. ನಮ್ಮ ಟ್ಯೂಬ್‌ಲೈಟಿಗೆ ಎಪ್ಪತ್ತು ಇರಬಹುದು.”

“ನನ್ನದಕ್ಕೆ?”

ಕಾವ್ಯ ಅಮ್ಮನ ಮುಖ ನೋಡಿದಳು. “ಹ್ಯಾಲೊಜನ್ನಿಗೆ ಹೆಚ್ಚು ಕಡಿಮೆ ನೂರೇ.”

ಧರ್ಮಪಾಲಣ್ಣನ ಬೆನ್ನು ತಾನಾಗಿ ನೆಟ್ಟಗಾಯಿತು. “ಕೇಳಿತಾ ಸರಸ? ಎಪ್ಪತ್ತರದು ಗೋಡೆಯಲ್ಲಿ ಉಂಟು, ನೂರರದ್ದು ಗುಜರಿಗೆ.”

“ಮಾರ್ಕು ತೆಗೆದವರೆಲ್ಲ ಕೆಲಸ ಮಾಡ್ತಾರೆ ಅಂತ ಉಂಟಾ? ವಿಡಿಯೋ ಮಾಡಿ ತೋರಿಸಿ.”

ಧರ್ಮಪಾಲಣ್ಣ ಕ್ಯಾಮೆರಾ ಎತ್ತಿಕೊಂಡರು. ಕೆಲಸ ಶುರುಮಾಡುವ ಮೊದಲು ಅವರದೊಂದು ಕ್ರಮವಿತ್ತು. ಉಟ್ಟ ಬಿಳಿ ಮುಂಡಿನ ತುದಿಯನ್ನು ಎತ್ತಿ ಕ್ಯಾಮೆರಾದ ಮುಂದೆ ಹಿಡಿದು ಒಂದು ಗುಂಡಿ ಒತ್ತುವುದು. ಪ್ರತಿ ಬೆಳಕಿನಲ್ಲೂ ‘ನೋಡು, ಬಿಳಿ ಅಂದರೆ ಇದು’ ಎಂದು ಕ್ಯಾಮೆರಾಕ್ಕೆ ಮೊದಲು ತೋರಿಸಿಕೊಡಬೇಕು, ಉಳಿದ ಬಣ್ಣಗಳನ್ನೆಲ್ಲ ಅದು ಆ ಬಿಳಿಯಿಂದಲೇ ಅಂದಾಜು ಮಾಡಿಕೊಳ್ಳುತ್ತದೆ. ಬೇರೆಯವರು ಬಿಳಿ ಕಾಗದ ಒಯ್ಯುತ್ತಿದ್ದರು. ಧರ್ಮಪಾಲಣ್ಣನಿಗೆ ಕಾಗದದ ಹಂಗಿರಲಿಲ್ಲ. ಸರಸ ಒಗೆದ ಮುಂಡಿಗಿಂತ ಬಿಳಿ ಜಗತ್ತಿನಲ್ಲಿ ಇನ್ನೊಂದಿದೆ ಎಂದು ಅವರು ನಂಬಿರಲಿಲ್ಲ.

ಟ್ಯೂಬ್‌ಲೈಟು, ಎಲ್‌ಇಡಿ, ಹ್ಯಾಲೊಜನ್, ಕೊನೆಗೆ ಅಂಗಳದ ಬಿಸಿಲು. ನಾಲ್ಕು ಕಡೆಯೂ ಮುಂಡು ತೋರಿಸಿ, ಗುಂಡಿ ಒತ್ತಿ, ವಿಡಿಯೋ ಮಾಡಿದರು. ಆಮೇಲೆ ಮೂವರೂ ಟಿ.ವಿ. ಮುಂದೆ ಕುಳಿತರು.

ಟ್ಯೂಬ್‌ಲೈಟಿನಲ್ಲಿ ಸೀರೆ ಹಸಿರು, ಅದೂ ಐಸಿಲ್ಲದೆ ಮೂರು ದಿನ ಬಿದ್ದ ಮೀನಿನ ಕಳೆ. ಎಲ್‌ಇಡಿಯಲ್ಲಿ ಎಳೆ ಹಸಿರು. ಹ್ಯಾಲೊಜನ್ನಿನಲ್ಲಿ ಎಳೆ ಹಸಿರು. ಬಿಸಿಲಿನಲ್ಲಿಯೂ ಸಾಕ್ಷಾತ್ ಮಟ್ಟು ಗುಳ್ಳ.

ಸರಸಕ್ಕ ಎದ್ದು ಹೋಗಿ ಟಿ.ವಿ.ಯ ಪರದೆಯನ್ನು ಸೆರಗಿನಿಂದ ಒರೆಸಿ ನೋಡಿದರು.

“ಈಗ ಸೂರ್ಯನನ್ನೂ ಗುಜರಿಗೆ ಹಾಕುವುದಾ?” ಎಂದು ಧರ್ಮಪಾಲಣ್ಣ ಮೆತ್ತಗೆ ಕೇಳಿದರು.

ಕಾವ್ಯಳಿಗೆ ಏನೋ ಹೊಳೆಯಿತು. ತನ್ನ ಚೀಲದಿಂದ, ಬಿಳಿಯ ಅಳತೆ ಕೊಡಲಿಕ್ಕೆಂದೇ ಸ್ಟುಡಿಯೋದವರು ಇಟ್ಟುಕೊಳ್ಳುವ ಬೂದು ಕಾರ್ಡು ತೆಗೆದು, ಮುಂಡಿನ ಬದಲು ಅದನ್ನು ಕ್ಯಾಮೆರಾಕ್ಕೆ ತೋರಿಸಿ, ಹ್ಯಾಲೊಜನ್ ಹೊತ್ತಿಸಿ ಇನ್ನೊಮ್ಮೆ ವಿಡಿಯೋ ಮಾಡಿದಳು. ಟಿ.ವಿ.ಯಲ್ಲಿ ಆಕಾಶನೀಲಿ ಸೀರೆ ಆಕಾಶನೀಲಿಯಾಗಿಯೇ ಬಂತು.

“ಲೈಟಿನ ತಪ್ಪಲ್ಲ ಅಮ್ಮ. ಪಪ್ಪನ ಮುಂಡಿನ ತಪ್ಪು.” ಅವಳು ಅಮ್ಮನ ಮುಡಿಯಿಂದ ಒಂದು ತುಂಡು ಶಂಕರಪುರ ಮಲ್ಲಿಗೆ ತೆಗೆದು ಅಪ್ಪನ ತೊಡೆಯ ಮೇಲೆ ಇಟ್ಟಳು. “ನೋಡಿ. ಇದು ಬಿಳಿ. ಇದು ಎಂತ?”

ಮಲ್ಲಿಗೆಯ ಕೆಳಗೆ ಮುಂಡು ತಿಳಿನೀಲಿಯಾಗಿ ಕಾಣುತ್ತಿತ್ತು. ಗೋಡೆಯ ಮೇಲಿದ್ದ ಸೀರೆಗೆ ಅದು ಒಡಹುಟ್ಟಿದ ತಮ್ಮ.

“ನೀಲಿಯನ್ನು ತೋರಿಸಿ ಬಿಳಿ ಅಂದರೆ ಕ್ಯಾಮೆರಾ ಎಂತ ಮಾಡ್ತದೆ? ಆ ನೀಲಿಯನ್ನು ಕೊಲ್ಲಲಿಕ್ಕೆ ಎಲ್ಲದಕ್ಕೂ ಹಳದಿ ಬಳಿಯುತ್ತದೆ. ನೀಲಿ ಸೀರೆ ಹಸಿರಾಗ್ತದೆ, ಮದುಮಗಳು ಬಂಗಾರ ಆಗ್ತಾಳೆ. ನಾನು ನಿಮ್ಮ ಹಳೇ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಹಾಕುವಾಗಲೇ ಕೇಳಿದ್ದೆ ನೆನಪುಂಟಾ? ಮೊದಲಿನ ಐದಾರು ಕ್ಯಾಸೆಟ್ಟಿನಲ್ಲಿ ಬಂಗಾರ ಯಾಕಿಲ್ಲ ಅಂತ.”

ನೆನಪಿತ್ತು. ‘ಆಗ ನನ್ನ ಕೈ ಪಳಗಿರಲಿಲ್ಲ’ ಎಂದು ಧರ್ಮಪಾಲಣ್ಣ ಗಂಭೀರವಾಗಿ ಉತ್ತರಿಸಿದ್ದೂ ನೆನಪಿತ್ತು. ಕಾವ್ಯ ಹೆಜಮಾಡಿಯ ಮದುವೆಯನ್ನು ಹಾಕಿದಳು. ಪಾನಕದ ತಟ್ಟೆ, ಅದರ ಹಿಂದೆ ನೀಲಿ ಸೀರೆ, ಅಚ್ಚ ನೀಲಿ. ಆಮೇಲೆ ಕಾರ್ಕಳದಲ್ಲಿ ನಡೆದ ಮೇಬಲ್ ಬಾಯಿಯ ಮದುವೆ. ಇಗರ್ಜಿಯ ಮೆಟ್ಟಿಲಿನ ಮೇಲೆ ಮೇಬಲ್ ಬಾಯಿಯ ಬಿಳಿ ಗೌನು ಬೆಣ್ಣೆ ಕಾಯಿಸಿದ ತುಪ್ಪದ ಬಣ್ಣಕ್ಕೆ ತಿರುಗಿತ್ತು.

“ಈ ಎರಡರ ನಡುವೆ ಎಂತ ಆಯಿತು?” ಎಂದಳು ಕಾವ್ಯ.

“ನಮ್ಮ ಮದುವೆ ಆಯಿತು” ಎಂದರು ಧರ್ಮಪಾಲಣ್ಣ.

ಇಬ್ಬರೂ ಸರಸಕ್ಕನ ಕಡೆ ತಿರುಗಿದರು. ಸರಸಕ್ಕ ಟಿ.ವಿ.ಯಲ್ಲಿದ್ದ ಗೌನನ್ನೇ ನೋಡುತ್ತಿದ್ದರು.

“ಆ ಲೈಟಿನ ಬಿಸಿಗೆ ನಿಮ್ಮ ಮುಂಡೆಲ್ಲ ಬೆವರು ಕುಡಿದು ಹಳದಿ ಆಗ್ತಿತ್ತು” ಎಂದರು. “ದೊಡ್ಡ ದೊಡ್ಡವರ ಮನೆಯ ಮದುವೆಗೆ ಹೋಗುವವರು ನೀವು. ದೋಣಿಯವರ ಮಗ ಮಾಸಿದ ಮುಂಡಿನಲ್ಲಿ ಬಂದ ಅಂತ ಯಾರಾದರೂ ಹೇಳಿದರೆ ನನಗೆ ಆಗುವುದಾ? ಎಲ್ಲರೂ ಬಟ್ಟೆಗೆ ಎರಡು ತೊಟ್ಟು ನೀಲಿ ಹಾಕಿದರೆ ನಾನು ಆರು ಹಾಕುತ್ತಿದ್ದೆ. ಈಗಲೂ ಹಾಕ್ತೇನೆ.”

ಧರ್ಮಪಾಲಣ್ಣ ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಮೂವತ್ತು ವರ್ಷ ತನ್ನದೆಂದು ಹೊತ್ತು ತಿರುಗಿದ ಬಂಗಾರದ ಕೈ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇತ್ತು. ಅವಮಾನವಾದದ್ದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ತಾನು ಐನೂರು ಮನೆಯ ಹೆಣ್ಣುಮಕ್ಕಳನ್ನು ಹೊಳೆಯಿಸಿದೆ ಎಂದು ಬೀಗುತ್ತಿದ್ದಾಗ ಇವಳು ತನ್ನೊಬ್ಬನನ್ನು ಬಿಳಿಯಾಗಿಡಲು ನೀರಿಗೆ ತೊಟ್ಟು ಎಣಿಸುತ್ತಿದ್ದಳಲ್ಲ ಎಂದು ಅವರಿಗೆ ಅನಿಸಿತು. ಅವರು ಮಲ್ಲಿಗೆಯನ್ನು ಎತ್ತಿ ಹೆಂಡತಿಯ ಕೈಗೆ ಕೊಟ್ಟರು.

“ಅಂತೂ ನನ್ನ ಬಣ್ಣ ಬಯಲಾಯಿತು” ಎಂದರು.

“ನಿಮ್ಮದೆಲ್ಲಿ? ನನ್ನದು” ಎಂದು ಸರಸಕ್ಕ ಹೂವನ್ನು ಮತ್ತೆ ಮುಡಿದುಕೊಂಡರು.

ಲೈಟು ಉಳಿಯಿತು. ಕಾವ್ಯಳ ಬೂದು ಕಾರ್ಡು ಮನೆಯಲ್ಲೇ ನಿಂತಿತು. ಮೇಬಲ್ ಬಾಯಿಗೆ ನಿಜವಾದ ಹಸಿರು ಸೀರೆ ಹೋಯಿತು. ಅದರ ಜೊತೆಗೆ ಮುಂಡಿನ ಕಥೆಯೂ ಫೋನಿನಲ್ಲಿ ಮುಕ್ಕಾಲು ಗಂಟೆ ಹೋಯಿತು. ಸರಸಕ್ಕ ಆರು ತೊಟ್ಟನ್ನು ಹೇಳುವಷ್ಟರಲ್ಲಿ ಹತ್ತು ಮಾಡಿದ್ದರು.

ಮರುದಿನ ಮೇಬಲ್ ಬಾಯಿಯೇ ಫೋನ್ ಮಾಡಿದರು. ಸರಸಕ್ಕ ಸ್ಪೀಕರ್ ಹಾಕಿದರು.

“ಸರಸಾ, ಮಗ ಕಾರ್ಲ್ಟನ್ ಒಂದೇ ಹಠ ಹಿಡಿದಿದ್ದಾನೆ. ಅಮ್ಮನ ಕ್ಯಾಸೆಟ್ಟಿನಲ್ಲಿದ್ದ ಬಣ್ಣವೇ ತನ್ನ ಮದುವೆಗೂ ಬೇಕಂತೆ. ಈಗ ಎಲ್ಲರ ಮದುವೆ ವಿಡಿಯೋವೂ ಆಸ್ಪತ್ರೆಯ ಗೋಡೆಯ ಹಾಗೆ ಕಾಣ್ತದಂತೆ. ಧರ್ಮಪಾಲಣ್ಣನ ಬಂಗಾರ ಬೇಕಂತೆ.”

ಧರ್ಮಪಾಲಣ್ಣ ಪೇಪರು ಮಡಚಿಟ್ಟರು. ಗಂಟಲು ಸರಿಮಾಡಿಕೊಂಡರು. ಎಡಗೈ ಆಗಲೇ ಅರ್ಧ ಮೇಲೆ ಎದ್ದಿತ್ತು, ಅದರಲ್ಲಿ ಲೈಟು ಇದೆ ಎಂಬಂತೆ. “ಬರ್ತಾರೆ ಅಂತ ಹೇಳು. ಹಿಂದಿನ ದಿನವೇ ಬರ್ತಾರೆ ಅಂತ ಹೇಳು.”

“ಕೇಳಿತು, ಕೇಳಿತು” ಎಂದರು ಮೇಬಲ್ ಬಾಯಿ. “ಅಷ್ಟು ತ್ರಾಸ ಎಂತಕ್ಕೆ ಮಾರಾಯ್ರೆ ಈ ಪ್ರಾಯದಲ್ಲಿ? ಮಣಿಪಾಲದ ವಿಡಿಯೋದವರಿಗೆ ಹೇಳಿ ಆಗಿದೆ. ನೀವು ಊಟದ ಹೊತ್ತಿಗೆ ಬಂದರೆ ಸಾಕು. ಮುಂಡು ಮಾತ್ರ ಎರಡು ದಿನ ಮೊದಲು ಕಳುಹಿಸಿಕೊಡಿ. ಸರಸಾ, ನೀನೇ ಒಗೆದದ್ದು ಆಗಬೇಕು, ಆಯಿತಾ?”

ಮದುವೆಯ ವಾರದ ಗುರುವಾರ ಬೆಳಿಗ್ಗೆ ಸರಸಕ್ಕ ಬಾವಿಕಟ್ಟೆಯ ಹತ್ತಿರ ಬಕೆಟಿಟ್ಟು ಮುಂಡು ಅದ್ದಿದರು. ನೀಲಿಯ ಬಾಟಲಿ ತೆಗೆದಾಗ ಧರ್ಮಪಾಲಣ್ಣ ಹತ್ತಿರ ಬಂದು ಇಣುಕಿದರು.

“ಸರಿಯಾಗಿ ಎಷ್ಟು ತೊಟ್ಟು?”

ಸರಸಕ್ಕ ಅವರಿಗೊಂದು ಮುಗುಳ್ನಗೆ ಕೊಟ್ಟು, ಬೆನ್ನು ತಿರುಗಿಸಿ ಬಾಟಲಿ ಬಗ್ಗಿಸಿದರು. ಆಮೇಲೆ ಮುಂಡಿನ ಇನ್ನೊಂದು ತುದಿಯನ್ನು ಗಂಡನ ಕೈಗೆ ಕೊಟ್ಟು, ಸರಿಯಾಗಿ ಹಿಡಿದು ಹಿಂಡಲು ಹೇಳಿದರು.